ಒಂದು ರನ್ನಿನ ದೂರ

ಹೆಚ್ಚು ರನ್ನು ಬಂದ ಪಂದ್ಯವೇ ಒಳ್ಳೆಯ ಪಂದ್ಯವೆಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಮೊತ್ತ ಇನ್ನೂರು ದಾಟಬೇಕು, ಚೆಂಡು ಗಳಿಗೆಗೊಮ್ಮೆ ಪ್ರೇಕ್ಷಕರ ತಲೆಯ ಮೇಲೆ ಹಾರಬೇಕು. ಆಗಲೇ ಅವರಿಗೆ ಟಿಕೀಟಿನ ಹಣ ಮರಳಿ ಕೈಗೆ ಬಂದಷ್ಟು ಸಮಾಧಾನ. ನನಗೆ ಈ ಮತ ಒಪ್ಪಿಗೆಯಿಲ್ಲ. ಸಾವಿರ ರೂಪಾಯಿ ಕಿಸೆಯಲ್ಲಿದ್ದವನಿಗೆ ಒಂದು ರೂಪಾಯಿ ಜಾರಿ ಬಿದ್ದದ್ದು ತಿಳಿಯುವುದಿಲ್ಲ. ಬಸ್ಸಿನ ಚಾರ್ಜಿಗೆ ಸರಿಯಾಗಿ ಎಣಿಸಿಟ್ಟುಕೊಂಡು ಹೊರಟವನಿಗೆ ತಿಳಿಯುತ್ತದೆ. ಕಡಿಮೆ ರನ್ನಿನ ಪಂದ್ಯವೆಂದರೆ ಈ ಎರಡನೆಯವನ ಪ್ರಯಾಣ. ಅಲ್ಲಿ ಕೈಯಿಂದ ಜಾರಿದ ಒಂದು ಚೆಂಡು, ಓಡದೆ ಬಿಟ್ಟ ಒಂದು ರನ್ನು, ಎಲ್ಲಕ್ಕೂ ಲೆಕ್ಕ ಕೊಡಬೇಕಾಗುತ್ತದೆ.

ನಮ್ಮ ಪುಣೆಯ ಹೆಸರು ಹೊತ್ತ ತಂಡವೊಂದು ಇಂಥ ಪಂದ್ಯವನ್ನು ಆಡಿ, ಸೋತು, ಆ ಸೋಲಿನೊಡನೆಯೇ ಇಲ್ಲವಾಗಿಹೋಯಿತು. 2017ರ ಮೇ 21, ಭಾನುವಾರ ರಾತ್ರಿ, ಹೈದರಾಬಾದಿನ ಉಪ್ಪಲ್‌ನಲ್ಲಿರುವ ರಾಜೀವ ಗಾಂಧಿ ಕ್ರೀಡಾಂಗಣ, ಐ.ಪಿ.ಎಲ್. ಪಂದ್ಯಾವಳಿಯ ಅಂತಿಮ ಹಣಾಹಣಿ. ಒಂದು ಕಡೆ ಮುಂಬಯಿ ಇಂಡಿಯನ್ಸ್, ಇನ್ನೊಂದು ಕಡೆ ರೈಸಿಂಗ್ ಪುಣೆ ಸೂಪರ್‌ಜೈಂಟ್. ಮುಂಬಯಿ 8 ವಿಕೆಟ್ಟಿಗೆ 129. ಪುಣೆ 6 ವಿಕೆಟ್ಟಿಗೆ 128. ಆ ರಾತ್ರಿಯ ಲೆಕ್ಕ ಇಷ್ಟೇ. ಆದರೆ ನಮ್ಮ ಪೇಟೆಯ ಚಹಾದಂಗಡಿಗಳಲ್ಲಿ ಆ ಲೆಕ್ಕವನ್ನು ಜನ ಇಂದಿಗೂ ಕೂಡಿ ಕಳೆದು ನೋಡುತ್ತಿರುತ್ತಾರೆ.

ಈ ತಂಡದ ಜಾತಕವನ್ನು ಎರಡು ಮಾತಿನಲ್ಲಿ ಹೇಳಬೇಕು. ಚೆನ್ನೈ ಮತ್ತು ರಾಜಸ್ಥಾನದ ತಂಡಗಳನ್ನು ಎರಡು ವರ್ಷಗಳ ಮಟ್ಟಿಗೆ ಹೊರಗಿಟ್ಟಾಗ, ಆ ಖಾಲಿ ಜಾಗಗಳಿಗೆ ಬಂದ ಎರಡು ತಂಡಗಳಲ್ಲಿ ಇದು ಒಂದು. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಹಂಗಾಮಿ ನೇಮಕ. 2016ರಲ್ಲಿ ಮಹೇಂದ್ರಸಿಂಗ್ ಧೋನಿ ನಾಯಕ. ಆ ವರ್ಷ ಮಹಾರಾಷ್ಟ್ರದಲ್ಲಿ ಬರಗಾಲ. ಕುಡಿಯಲು ನೀರಿಲ್ಲದ ಕಾಲದಲ್ಲಿ ಆಟದ ಬಯಲಿಗೆ ನೀರು ಹಾಯಿಸುವುದೇ ಎಂದು ಮಾತೆದ್ದು, ಏಪ್ರಿಲ್ ತಿಂಗಳ ಆಚೆಗಿನ ಪಂದ್ಯಗಳನ್ನು ರಾಜ್ಯದ ಹೊರಗೆ ಆಡಿಸಬೇಕೆಂದು ಬಾಂಬೆ ಹೈಕೋರ್ಟು ಆಜ್ಞೆ ಮಾಡಿತು. ಪುಣೆಯವರು ತಮ್ಮ ಮನೆಯ ಆಟಗಳನ್ನು ವಿಶಾಖಪಟ್ಟಣದಲ್ಲಿ ಆಡಿದರು. ಎಂಟು ತಂಡಗಳಲ್ಲಿ ಏಳನೆಯವರಾದರು. ಮರುವರ್ಷ ಆಸ್ಟ್ರೇಲಿಯದ ಸ್ಟೀವ್ ಸ್ಮಿತ್ ನಾಯಕನಾದ. ಹೆಸರಿನ ಕೊನೆಯಲ್ಲಿದ್ದ ಇಂಗ್ಲಿಷಿನ ಬಹುವಚನವನ್ನು ತೆಗೆದುಹಾಕಿದರು. ಇಂಗ್ಲೆಂಡಿನ ಬೆನ್ ಸ್ಟೋಕ್ಸ್‌ಗೆ 14.5 ಕೋಟಿ ರೂಪಾಯಿ ಕೊಟ್ಟರು. ಈ ಮೂರರಲ್ಲಿ ಯಾವುದು ಕೈಹಿಡಿಯಿತೋ, ತಂಡ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಬಂದಿತು. ಮುಂಬಯಿಯ ಮೇಲಂತೂ ಆ ವರ್ಷ ಮೂರು ಸಲ ಆಡಿ ಮೂರು ಸಲವೂ ಗೆದ್ದಿತ್ತು.

ಇಲ್ಲಿ ನಮ್ಮಂಥವರ ಪಾಡನ್ನು ಹೇಳಬೇಕು. ಹೊರನಾಡಿನಲ್ಲಿರುವ ಕನ್ನಡಿಗನಿಗೆ ಕ್ರಿಕೆಟ್ಟಿನಲ್ಲಿ ‘ನಮ್ಮವರು’ ಯಾರು? ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ನೌಕರಿಗೆಂದು ಈ ಊರಿಗೆ ಬಂದವನು. ನನ್ನ ತಂದೆಯವರು ನಿವೃತ್ತರಾದ ಮೇಲೆ ನಮ್ಮಲ್ಲಿಯೇ ಇದ್ದಾರೆ. ಅವರಿಗೆ ಬೆಂಗಳೂರು ಬಿಟ್ಟರೆ ತಂಡವಿಲ್ಲ. 2017ರಲ್ಲಿ ಬೆಂಗಳೂರಿನ ಗತಿ ಏನಾಗಿತ್ತೆಂದರೆ, ಏಪ್ರಿಲ್ 23ರಂದು ಕೋಲ್ಕತ್ತೆಯಲ್ಲಿ 132 ರನ್ನು ಮಾಡಬೇಕಾದಲ್ಲಿ 49ಕ್ಕೆ ಎಲ್ಲರೂ ಔಟು. ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ. ಬೆಂಗಳೂರಿನವರಿಗೆ ಕಪ್ಪು ಸಿಕ್ಕಿದ್ದು 2025ರಲ್ಲಿ. ಅಲ್ಲಿಯವರೆಗೆ ತಂದೆಯವರು ಪ್ರತಿ ವರ್ಷವೂ ಮಾರ್ಚಿನಲ್ಲಿ ಹುರುಪಿನಿಂದ ಆರಂಭಿಸಿ ಮೇ ತಿಂಗಳಲ್ಲಿ ಮೌನವ್ರತ ಹಿಡಿಯುತ್ತಿದ್ದರು. ನನ್ನ ಮಗನಾದರೋ ಪುಣೆಯಲ್ಲಿಯೇ ಹುಟ್ಟಿದವನು. ಆಗ ಆರು ವರ್ಷದವ. ಮನೆಯಲ್ಲಿ ಧಾರವಾಡದ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಅವನಿಗೆ ಪುಣೆ ತನ್ನ ಊರು, ಪುಣೆ ತಂಡ ತನ್ನ ತಂಡ. ಅದರಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ನಾನು ನಡುವಿನವನು. ಸಂಬಳ ಕೊಡುವ ಊರಿಗೆ ಒಂದು ನಿಷ್ಠೆ ಇರಬೇಕೆಂದು ನನ್ನ ಎಣಿಕೆ. ಹೀಗಾಗಿ ಅಂದು ನಾನೂ ಮಗನೂ ಪುಣೆಯ ಕಡೆ, ತಂದೆಯವರು ತಟಸ್ಥರು.

ಉಪ್ಪಲ್‌ನ ಪಿಚ್ಚು ಅಂದು ನಿಧಾನವಾಗಿತ್ತು. ಚೆಂಡು ದಾಂಡಿಗೆ ತಾನಾಗಿ ಬರುತ್ತಿರಲಿಲ್ಲ. ಜಯದೇವ ಉನಾದ್ಕಟ್ ಒಂದೇ ಓವರಿನಲ್ಲಿ ಮುಂಬಯಿಯ ಆರಂಭದ ಇಬ್ಬರನ್ನೂ ಕಳುಹಿಸಿದ. ಅವರಲ್ಲಿ ಸಿಮನ್ಸ್‌ನ ಕ್ಯಾಚನ್ನು ತಾನೇ ಹಿಡಿದ. ನಾಯಕ ರೋಹಿತ್ ಶರ್ಮಾ 24ಕ್ಕೆ ಹೋದ, ಪೊಲ್ಲಾರ್ಡ್ 7ಕ್ಕೆ. ಹದಿನೈದನೆಯ ಓವರಿನಲ್ಲಿ 7 ವಿಕೆಟ್ಟಿಗೆ 79! ನೂರು ಆಗುವುದೂ ಕಷ್ಟವೆನ್ನುವ ಹೊತ್ತಿನಲ್ಲಿ ಕೃಣಾಲ್ ಪಾಂಡ್ಯ ಮತ್ತು ಮಿಚೆಲ್ ಜಾನ್ಸನ್ ಕೂಡಿಕೊಂಡು ಇನ್ನೂ 50 ಸೇರಿಸಿದರು. ಕೃಣಾಲ್ 38 ಚೆಂಡುಗಳಲ್ಲಿ 47 ಮಾಡಿ, ಇನಿಂಗ್ಸಿನ ಕೊನೆಯ ಚೆಂಡಿಗೆ ಔಟಾದ. ಪಂದ್ಯಪುರುಷನೂ ಅವನೇ ಆದ. ನನ್ನ ಮಟ್ಟಿಗೆ ಆ ಪ್ರಶಸ್ತಿ ಯೋಗ್ಯನಿಗೇ ಸಂದಿತು. ಎಲ್ಲರೂ ಕೊನೆಯ ಓವರಿನ ಜಾನ್ಸನ್ನನನ್ನು ನೆನೆಯುತ್ತಾರೆ. ಆದರೆ ಆ 47 ಇರದಿದ್ದರೆ ಕಾಯುವುದಕ್ಕೆ ಏನಿತ್ತು?

ಇನ್ನು ಪುಣೆಯ ಸರದಿ. 120 ಚೆಂಡು, 130 ರನ್ನು, ಕೈಯಲ್ಲಿ 10 ವಿಕೆಟ್ಟು. ಪುಣೆಯ ನೆಲದಲ್ಲಿ ಬೆಳೆದು ಮಹಾರಾಷ್ಟ್ರದ ಪರ ಆಡುವ ರಾಹುಲ್ ತ್ರಿಪಾಠಿ ಬೇಗ ಹೋದ. ಅಜಿಂಕ್ಯ ರಹಾಣೆ, ಸ್ಮಿತ್ ಇಬ್ಬರೂ ನಿಂತು ಆಡಿದರು. ಹನ್ನೆರಡನೆಯ ಓವರಿನ ಐದನೆಯ ಚೆಂಡಿಗೆ ರಹಾಣೆ 44ಕ್ಕೆ ಔಟಾದಾಗ ಮೊತ್ತ 71. ಎಂದರೆ 71 ಚೆಂಡಿಗೆ 71 ರನ್ನು. ಉಳಿದ 49 ಚೆಂಡಿನಲ್ಲಿ 59 ಬೇಕು, 8 ವಿಕೆಟ್ಟು ಕೈಯಲ್ಲಿವೆ. ಒಳಗೆ ಬಂದವನು ಧೋನಿ. ಆ ಹೊತ್ತಿಗೆ ನಮ್ಮ ಕಟ್ಟಡದಲ್ಲಿ ಪಟಾಕಿ ತಂದಿಟ್ಟುಕೊಂಡವರೂ ಇದ್ದರು.

ನನ್ನ ಅಭಿಪ್ರಾಯದಲ್ಲಿ ಪಂದ್ಯ ಕೈಬಿಟ್ಟದ್ದು ಕೊನೆಯ ಓವರಿನಲ್ಲಿ ಅಲ್ಲ, ಇಲ್ಲಿಂದ ಮುಂದೆ. ಮುಂದಿನ 27 ಚೆಂಡುಗಳಲ್ಲಿ ಬಂದದ್ದು 27 ರನ್ನು. ಯಾರೂ ದುಡುಕಲಿಲ್ಲ, ಯಾರೂ ಅವಸರ ಮಾಡಲಿಲ್ಲ. ‘ವಿಕೆಟ್ಟು ಇದ್ದರೆ ಕೊನೆಗೆ ಹೊಡೆಯಬಹುದು’ ಎಂಬ ಧೈರ್ಯ. ಸರಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಈ ಧೈರ್ಯದ ಪರಿಚಯ ಚೆನ್ನಾಗಿ ಇದೆ. ಏಪ್ರಿಲಿನಲ್ಲಿ ಮಂಜೂರಾದ ಅನುದಾನವನ್ನು ಕಾಪಾಡಿಕೊಂಡು ಕಾಪಾಡಿಕೊಂಡು, ಮಾರ್ಚ್ ಮೂವತ್ತೊಂದರ ಸಂಜೆ ಬಿಲ್ಲುಗಳನ್ನು ಹಿಡಿದುಕೊಂಡು ಓಡಾಡುವುದು. ಖರ್ಚಾಗದ ಹಣ ಮರುದಿನ ಲ್ಯಾಪ್ಸು. ಕ್ರಿಕೆಟ್ಟಿನಲ್ಲಿಯೂ ಹಾಗೆಯೇ: ಇಪ್ಪತ್ತು ಓವರು ಮುಗಿದ ಮೇಲೆ ಉಳಿದ ವಿಕೆಟ್ಟುಗಳನ್ನು ಮನೆಗೆ ಒಯ್ದು ಉಪ್ಪಿನಕಾಯಿ ಹಾಕಲು ಬರುವುದಿಲ್ಲ. ಪುಣೆ ಅಂದು ನಾಲ್ಕು ವಿಕೆಟ್ಟು ಉಳಿಸಿಕೊಂಡು ಸೋತಿತು.

ಆದರೂ ನ್ಯಾಯವಾಗಿ ಹೇಳಬೇಕೆಂದರೆ ಎದುರಿನ ಬೌಲಿಂಗೂ ಸಾಮಾನ್ಯದ್ದಲ್ಲ. ಕರ್ಣ ಶರ್ಮಾ 4 ಓವರಿನಲ್ಲಿ ವಿಕೆಟ್ಟು ಪಡೆಯಲಿಲ್ಲ, ಆದರೆ ಕೊಟ್ಟದ್ದು 18 ರನ್ನು ಮಾತ್ರ. ಇಂಥವರ ಹೆಸರನ್ನು ಮರುದಿನದ ಪತ್ರಿಕೆಗಳು ದಪ್ಪಕ್ಷರದಲ್ಲಿ ಹಾಕುವುದಿಲ್ಲ. ಹದಿನೇಳನೆಯ ಓವರಿನಲ್ಲಿ ಬುಮ್ರಾ ಧೋನಿಯನ್ನು ವಿಕೆಟ್ ಕೀಪರ್ ಪಾರ್ಥಿವ್ ಪಟೇಲನ ಕೈಗೆ ಕೊಡಿಸಿದ. ಧೋನಿ 13 ಚೆಂಡಿಗೆ 10. ಈಗ 22 ಚೆಂಡಿಗೆ 32. ನನ್ನ ಮಗ ಟಿ.ವಿ.ಯ ಹತ್ತಿರ ಹತ್ತಿರ ಸರಿಯುತ್ತ ಹೋದ. ಅವನನ್ನು ಹಿಂದಕ್ಕೆ ಎಳೆಯುವ ಕೆಲಸ ನನ್ನ ಹೆಂಡತಿಯದು.

ಕೊನೆಯ ಓವರು ಬಂದಿತು. 6 ಚೆಂಡು, 11 ರನ್ನು. ಸ್ಮಿತ್ ಐವತ್ತು ದಾಟಿ ನಿಂತಿದ್ದಾನೆ, ಜೊತೆಗೆ ಮನೋಜ್ ತಿವಾರಿ. ಬೌಲರು ಜಾನ್ಸನ್, ಎಡಗೈ ವೇಗಿ, ಸ್ಮಿತ್‌ನ ದೇಶದವನೇ. ಮೊದಲನೆಯ ಚೆಂಡಿಗೆ ತಿವಾರಿ ನಾಲ್ಕು ಹೊಡೆದ. ಐದು ಚೆಂಡಿಗೆ ಏಳು. ಈ ಲೆಕ್ಕದಲ್ಲಿ ಸೋಲುವವರು ಯಾರು! ಎರಡನೆಯದನ್ನೂ ತಿವಾರಿ ಎತ್ತಿ ಹೊಡೆದ, ಪೊಲ್ಲಾರ್ಡ್ ಹಿಡಿದ. ಮೂರನೆಯದನ್ನು ಸ್ಮಿತ್ ಆಫ್ ಬದಿಗೆ ಗಾಳಿಯಲ್ಲಿ ಹೊಡೆದ. ಬೌಂಡರಿಯ ಹತ್ತಿರ ಅಂಬಟಿ ರಾಯುಡು ಹಿಡಿದ. 51 ರನ್ನಿನ ನಾಯಕ ತಲೆ ತಗ್ಗಿಸಿ ನಡೆದ. ಎರಡು ಚೆಂಡಿನಲ್ಲಿ ಎರಡು ವಿಕೆಟ್ಟು. ಇನ್ನು ಮೂರಕ್ಕೆ ಏಳು. ಹದಿನೇಳು ವರ್ಷದ ವಾಷಿಂಗ್ಟನ್ ಸುಂದರ್ ಒಳಗೆ ಬಂದ. ನಾಲ್ಕನೆಯ ಚೆಂಡು ಅವನ ದಾಂಡಿಗೆ ತಾಗಲಿಲ್ಲ. ಆದರೂ ಓಡಿ ಒಂದು ಬೈ ತೆಗೆದರು. ಐದನೆಯದಕ್ಕೆ ಡಾನ್ ಕ್ರಿಶ್ಚಿಯನ್ ಎರಡು ಓಡಿದ. ಕೊನೆಯ ಚೆಂಡಿಗೆ ನಾಲ್ಕು ಬೇಕು. ಮೂರು ಬಂದರೆ ಸರಿಸಮ, ಮತ್ತೆ ಒಂದೊಂದು ಓವರಿನ ತೀರ್ಮಾನ.

ಕ್ರಿಶ್ಚಿಯನ್ ಅದನ್ನು ಲೆಗ್ ಬದಿಯ ಬೌಂಡರಿಯ ಕಡೆಗೆ ಬಾರಿಸಿದ. ಅಲ್ಲಿ ನಿಂತಿದ್ದವನು ಆ ರಾತ್ರಿಯ ಹನ್ನೊಂದು ಜನರಲ್ಲಿ ಒಬ್ಬನಲ್ಲ. ಬದಲಿಯಾಗಿ ಕ್ಷೇತ್ರರಕ್ಷಣೆಗೆ ಬಂದ ಹುಡುಗ. ಚೆಂಡು ಅವನ ಕೈಯಲ್ಲಿ ಒಂದು ಕ್ಷಣ ತಡವರಿಸಿತು. ಇಷ್ಟರಲ್ಲಿ ಎರಡು ರನ್ನು ಆಗಿಹೋಯಿತು. ಮೂರನೆಯದಕ್ಕೆ ಓಡಿದರು. ಹುಡುಗ ಸಾವರಿಸಿಕೊಂಡು ಎಸೆದ. ಕ್ರಿಶ್ಚಿಯನ್ ರನ್ ಔಟು. 128.

ಟೀಕೆಗಾರರು ಆ ಹುಡುಗನ ಹೆಸರು ಹೇಳಿದಾಗ, ಅಲ್ಲಿಯವರೆಗೆ ಆರಾಮ ಕುರ್ಚಿಯಲ್ಲಿ ಒರಗಿದ್ದ ನಮ್ಮ ತಂದೆಯವರು ನೆಟ್ಟಗೆ ಕುಳಿತರು. “ಯಾರಂದ್ರು? ಸುಚಿತ್ ಅಂದ್ರೇನು? ಜಗದೀಶ ಸುಚಿತ್? ಅಂವ ನಮ್ಮ ಮೈಸೂರ ಹುಡಗ!” ಎಂದರು.

ನಿಜವೇ. ಸುಚಿತ್ ಮೈಸೂರಿನವನು, ಎಡಗೈ ಸ್ಪಿನ್ನರು, ಆಗ ಕರ್ನಾಟಕದ ಆಟಗಾರ. ಆ ವರ್ಷದ ಮುಂಬಯಿ ತಂಡದ ಪಟ್ಟಿಯಲ್ಲಿ ಅವನಲ್ಲದೆ ವಿನಯ್ ಕುಮಾರ್, ಶ್ರೇಯಸ್ ಗೋಪಾಲ್, ಕೃಷ್ಣಪ್ಪ ಗೌತಮ್ ಎಂದು ಒಟ್ಟು ನಾಲ್ವರು ಕನ್ನಡಿಗರಿದ್ದರು. ಅಂತಿಮ ಪಂದ್ಯದಲ್ಲಿ ಇವರಲ್ಲಿ ಒಬ್ಬರಿಗೂ ಹನ್ನೊಂದರಲ್ಲಿ ಸ್ಥಾನವಿರಲಿಲ್ಲ. ಆದರೂ ಕೊನೆಯ ಚೆಂಡು ಹುಡುಕಿಕೊಂಡು ಹೋದದ್ದು ಮೈಸೂರಿನವನ ಕೈಗೇ. ತಂದೆಯವರ ತಾಟಸ್ಥ್ಯ ಅಲ್ಲಿಗೆ ಮುಗಿಯಿತು. ಮಗ ನೆಲದ ಮೇಲೆ ಕುಳಿತು ಅಳುತ್ತಿದ್ದಾನೆ, ಅಜ್ಜನ ಮುಖದಲ್ಲಿ ಹಿಗ್ಗು. “ಅಜ್ಜಾ, ನೀ ಯಾರ ಕಡೆ?” ಎಂದು ಮಗ ಕೇಳಿದ. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಪ್ಪಾ, ಚೆಂಡು ಬಿಟ್ಟಾಗ ನಿನ್ನ ಕಡೆ ಇದ್ದೆ, ಒಗದಾಗ ಅವನ ಕಡೆ ಆದೆ” ಎಂದರು. ಈ ಉತ್ತರದಿಂದ ಆರು ವರ್ಷದವನಿಗೆ ಸಮಾಧಾನವಾಗಲಿಲ್ಲ. ಅವನ ತಾಯಿ ಮೊಸರನ್ನ ಕಲಿಸಿ ತಂದು ತಿನ್ನಿಸಬೇಕಾಯಿತು.

ಎಡಗೈ ಸ್ಪಿನ್ನರನ ಮಾತು ಬಂದದ್ದಕ್ಕೆ, ಪುಣೆಯಲ್ಲಿರುವ ನಾವು ತಿಳಿದಿರಬೇಕಾದ ಇನ್ನೊಬ್ಬನ ಮಾತು ಹೇಳುತ್ತೇನೆ. ಪಲವಣಕರ ಬಾಳೂ. ಹುಟ್ಟಿದ್ದು ಧಾರವಾಡದಲ್ಲಿ, ಬೆಳೆದದ್ದು ಪುಣೆಯಲ್ಲಿ. ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ಚಿಗೆ ರೂಳು ಎಳೆಯುವ ಕೆಲಸ. ಆಮೇಲೆ ಬಿಳಿಯರ ಪೂನಾ ಜಿಮಖಾನಾದಲ್ಲಿ ತಿಂಗಳಿಗೆ 4 ರೂಪಾಯಿಯ ಚಾಕರಿ. ಗ್ರೇಗ್ ಎಂಬ ಆಂಗ್ಲ ಅಧಿಕಾರಿಗೆ ಅಭ್ಯಾಸದಲ್ಲಿ ಚೆಂಡು ಎಸೆದು ಎಸೆದು ಪಳಗಿದವನು. ಚಮ್ಮಾರರ ಮನೆಯ ಮಗನೆಂದು ಪುಣೆಯ ಹಿಂದೂ ತಂಡದವರು ಮೈದಾನದಲ್ಲಿ ಅವನ ಬೌಲಿಂಗನ್ನು ಬಳಸಿಕೊಂಡು, ಚಹಾದ ಹೊತ್ತಿಗೆ ಹೊರಗೆ ನಿಲ್ಲಿಸಿ ಮಣ್ಣಿನ ಕುಡಿಕೆಯಲ್ಲಿ ಬೇರೆಯಾಗಿ ಕೊಡುತ್ತಿದ್ದರು. 1911ರಲ್ಲಿ ಇಂಗ್ಲೆಂಡಿನ ಪ್ರವಾಸಕ್ಕೆ ಹೋದ ಭಾರತದ ತಂಡದಲ್ಲಿ ಅವನು ಪಡೆದ ವಿಕೆಟ್ಟುಗಳು 114. ಧಾರವಾಡ–ಪುಣೆಗಳ ನಡುವಿನ ದಾರಿಯಲ್ಲಿ ನಮಗಿಂತ ಬಹಳ ಮೊದಲು ನಡೆದವನು ಅವನು. ಹದಿನಾಲ್ಕೂವರೆ ಕೋಟಿಯ ಮಾತು ಬಂದಾಗಲೆಲ್ಲ ನನಗೆ ಆ ನಾಲ್ಕು ರೂಪಾಯಿ ನೆನಪಾಗುತ್ತದೆ. ಅಂದ ಹಾಗೆ, ಆ ಹದಿನಾಲ್ಕೂವರೆ ಕೋಟಿಯ ಸ್ಟೋಕ್ಸ್ ಅಂತಿಮ ಪಂದ್ಯದಲ್ಲಿ ಇರಲೇ ಇಲ್ಲ; ತನ್ನ ದೇಶದ ತಂಡದ ಕೆಲಸಕ್ಕೆ ಮೊದಲೇ ಮರಳಿದ್ದ.

ಮರುದಿನ ಅಮೆರಿಕದಲ್ಲಿರುವ ನಮ್ಮ ಸೋದರಮಾವನ ಮಗ ಫೋನು ಮಾಡಿದ. ಅವನಿಗೆ ಅಲ್ಲಿಯ ಬೇಸ್‌ಬಾಲ್ ಹುಚ್ಚು ಹತ್ತಿ ಬಹಳ ವರ್ಷವಾಯಿತು. “ನಿಮಗ 129 ಅಂದ್ರ ಸಣ್ಣ ಸ್ಕೋರು ಏನೋ? ನಮ್ಮಲ್ಲಿ ಇಡೀ ಪಂದ್ಯಕ್ಕ ಒಂದ ರನ್ನು ಆಗಿದ್ದದ” ಎಂದು 1991ರ ಕಥೆ ಹೇಳಿದ. ಅಲ್ಲಿಯ ವಿಶ್ವ ಸರಣಿಯ ಏಳನೆಯ, ಅಂದರೆ ನಿರ್ಣಾಯಕ ಪಂದ್ಯ. ಮಿನೆಸೋಟ ಮತ್ತು ಅಟ್ಲಾಂಟ. ಬೇಸ್‌ಬಾಲಿನಲ್ಲಿ ಒಂಬತ್ತು ಇನಿಂಗ್ಸು; ಒಂಬತ್ತೂ ಮುಗಿದರೂ ಎರಡೂ ಕಡೆ ಸೊನ್ನೆ. ಹತ್ತನೆಯ ಇನಿಂಗ್ಸಿನಲ್ಲಿ ಮಿನೆಸೋಟದವರು ಒಂದು ರನ್ನು ಮಾಡಿ ಗೆದ್ದರು. ಅವರ ಜಾಕ್ ಮಾರಿಸ್ ಎಂಬ ಬೌಲರು ಹತ್ತೂ ಇನಿಂಗ್ಸನ್ನು ಒಬ್ಬನೇ ಎಸೆದನಂತೆ. ಅವರು ಅವನನ್ನು ಬೌಲರು ಎನ್ನುವುದಿಲ್ಲ, ಪಿಚ್ಚರ್ ಎನ್ನುತ್ತಾರೆ, ಇರಲಿ. ನಮ್ಮ ತಂದೆಯವರು ಇದನ್ನು ಕೇಳಿ, “ಒಂದ ರನ್ನು ನೋಡಲಿಕ್ಕೆ ಅಷ್ಟೊತ್ತು ಕೂತ್ರೇನು ಅವರು? ಶಾಣ್ಯಾ ಮಂದಿ” ಎಂದು ಮೆಚ್ಚಿದರು.

ಅವರು ಮೆಚ್ಚಿದ್ದಕ್ಕೆ ಕಾರಣವಿದೆ. ಸಣ್ಣ ಲೆಕ್ಕದ ಸೋಲುಗಳಲ್ಲಿ ಅವರು ನುರಿತವರು. 1987ರ ಮಾರ್ಚಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಪಾಕಿಸ್ತಾನದೆದುರಿನ ಟೆಸ್ಟನ್ನು ಅವರು ರೇಡಿಯೋದಲ್ಲಿ ಕೇಳಿದ್ದರು. ಮಣಿಂದರ್ ಸಿಂಗ್ 27 ರನ್ನಿಗೆ 7 ವಿಕೆಟ್ಟು ತೆಗೆದು ಪಾಕಿಸ್ತಾನವನ್ನು 116ಕ್ಕೆ ಮುಗಿಸಿದ, ನಮ್ಮವರದು 145, ಅವರದು ಮತ್ತೆ 249. ಕೊನೆಯ ಇನಿಂಗ್ಸಿನಲ್ಲಿ ನಮಗೆ ಬೇಕಾದದ್ದು 221. ಚೆಂಡು ಹಾವಿನಂತೆ ತಿರುಗುವ ಆ ಪಿಚ್ಚಿನಲ್ಲಿ ಸುನೀಲ ಗಾವಸ್ಕರ 96 ಮಾಡಿದ. ಅದೇ ಅವನ ಕೊನೆಯ ಟೆಸ್ಟ್ ಇನಿಂಗ್ಸು. ಅವನು ಹೋದ ಮೇಲೆ ನಮ್ಮ ರೋಜರ್ ಬಿನ್ನಿ ಒಂದು ಸಿಕ್ಸರು ಎತ್ತಿ ಆಸೆ ಹುಟ್ಟಿಸಿ ತಾನೂ ಔಟಾದ. 16 ರನ್ನಿನ ಸೋಲು. ಇಂದಿಗೂ ಆ ಹದಿನಾರು ರನ್ನು ಎಲ್ಲೆಲ್ಲಿ ಸಿಗಬಹುದಿತ್ತು ಎಂದು ತಂದೆಯವರು ಹುಡುಕುವುದುಂಟು.

ಇನ್ನು 2010ರ ಜನವರಿಯ ರಣಜಿ ಅಂತಿಮ ಪಂದ್ಯ. ಅದು ಮೈಸೂರಿನಲ್ಲೇ ನಡೆದದ್ದು. ಎದುರಾಳಿ ಇದೇ ಮುಂಬಯಿ. ಕರ್ನಾಟಕ ಮೊದಲ ಸರದಿಯಲ್ಲಿ 130ಕ್ಕೆ ಕುಸಿದಿತ್ತು. ಕೊನೆಯ ಇನಿಂಗ್ಸಿನಲ್ಲಿ 338 ಬೇಕಿತ್ತು, ಮನೀಷ್ ಪಾಂಡೆ 144 ಹೊಡೆದ, ಗಣೇಶ್ ಸತೀಶ್ 75. ಅಜಿತ್ ಅಗರಕರ ಐದು ವಿಕೆಟ್ಟು ತೆಗೆದ. ನಮ್ಮವರು 331ಕ್ಕೆ ಮುಗಿದರು. ಆರು ರನ್ನಿನ ಸೋಲು. ಮಹಾರಾಷ್ಟ್ರದ ಕಚೇರಿಗಳಲ್ಲಿ ದುಡಿಯುವ ನಮ್ಮವರು ಮರುದಿನ ಮೇಜಿನ ಮುಂದೆ ಹೇಗೆ ಕುಳಿತರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗಿರುವಾಗ 2017ರ ಮೇ 22ರ ಬೆಳಿಗ್ಗೆ ಮಾತ್ರ ಒಂದು ಹೊಸ ಅನುಭವ. ನಾನೂ ನನ್ನ ಪಕ್ಕದ ಮೇಜಿನ ಮರಾಠಿ ಗೆಳೆಯನೂ ಒಂದೇ ಸೋಲನ್ನು ಹಂಚಿಕೊಂಡು ಚಹಾ ಕುಡಿದೆವು. ಈ ಊರಿಗೆ ಬಂದಂದಿನಿಂದ ಗೆಲುವಿನಲ್ಲಿ ನಾವಿಬ್ಬರೂ ಒಟ್ಟಿಗೆ ಸಂತೋಷಪಟ್ಟದ್ದು ಉಂಟು, ಭಾರತ ಗೆದ್ದಾಗ. ಒಂದೇ ಊರಿನ ಸೋಲು ಇಬ್ಬರದೂ ಆದದ್ದು ಅದೇ ಮೊದಲು.

ಆ ಸೋಲಿಗೆ ಸೇಡು ತೀರಿಸಿಕೊಳ್ಳುವ ಅವಕಾಶ ಪುಣೆಗೆ ಮತ್ತೆ ಬರಲಿಲ್ಲ. ಎರಡು ವರ್ಷದ ಕರಾರು ಮುಗಿದಿತ್ತು. ಚೆನ್ನೈ, ರಾಜಸ್ಥಾನ ಎರಡೂ ಮರಳಿ ಬಂದವು. ಸುಚಿತ್ ಎಸೆದ ಆ ಚೆಂಡೇ ತಂಡದ ಆಯುಷ್ಯದ ಕೊನೆಯ ಚೆಂಡು. ಆಟಗಾರರೆಲ್ಲ ಬೇರೆ ಬೇರೆ ಊರುಗಳಿಗೆ ಹಂಚಿಹೋದರು. ಮುಂಬಯಿ ಮಾತ್ರ 2019ರಲ್ಲಿ ಅದೇ ಉಪ್ಪಲ್‌ನಲ್ಲಿ, ಈ ಸಲ ಚೆನ್ನೈಯನ್ನು, ಮತ್ತೆ ಒಂದೇ ರನ್ನಿನಿಂದ ಸೋಲಿಸಿ ಕಪ್ಪು ಎತ್ತಿತು. ಕೆಲವರ ಜಾತಕವೇ ಹಾಗೆ.

ಆದರೆ ಧೋನಿ ಮಾತ್ರ ಮರುವರ್ಷವೇ ಪುಣೆಗೆ ಬಂದ. ಅದಕ್ಕೆ ಕಾರಣ ನಮ್ಮ ಕಾವೇರಿ! 2018ರ ಏಪ್ರಿಲಿನಲ್ಲಿ ಕಾವೇರಿ ನೀರಿನ ಚಳವಳಿ ಚೆನ್ನೈಯಲ್ಲಿ ಜೋರಾಗಿ, ಅಲ್ಲಿ ಒಂದು ಪಂದ್ಯ ಆಡುವುದರೊಳಗೆ ಮೈದಾನಕ್ಕೆ ಚಪ್ಪಲಿಗಳು ಬಿದ್ದವು. ಚೆನ್ನೈಯ ಉಳಿದ ಮನೆಯ ಆಟಗಳನ್ನೆಲ್ಲ ನಮ್ಮ ಗಹುಂಜೆಯ ಕ್ರೀಡಾಂಗಣಕ್ಕೆ ವರ್ಗ ಮಾಡಿದರು. ಇಲ್ಲಿ ನೋಡಿದರೆ, ಪವನಾ ನದಿಯ ನೀರನ್ನು ಆಟದ ಬಯಲಿಗೆ ಬಳಸಕೂಡದೆಂದು ಬಾಂಬೆ ಹೈಕೋರ್ಟಿನ ತಡೆ. ಒಂದು ನದಿಯ ಜಗಳ ತಪ್ಪಿಸಿಕೊಂಡು ಇನ್ನೊಂದು ನದಿಯ ದಂಡೆಗೆ ಬಂದಂತಾಯಿತು.

ಆ ವರ್ಷದ ಮೇ 5, ಶನಿವಾರ, ಗಹುಂಜೆಯಲ್ಲಿ ಚೆನ್ನೈಯೆದುರು ಬೆಂಗಳೂರು. ಮುಂಬಯಿಯ ಹೆದ್ದಾರಿ ಹಿಡಿದು ನಾವು ಮೂವರೂ ಹೋದೆವು: ತಂದೆಯವರು ಕೆಂಪು ಟೊಪ್ಪಿಗೆ ಹಾಕಿಕೊಂಡು, ಮಗ ಹೋದ ವರ್ಷದ ಪುಣೆ ಅಂಗಿ ತೊಟ್ಟುಕೊಂಡು. ಸುತ್ತಲೂ ಹಳದಿ ಸಮುದ್ರ. ಬೆಂಗಳೂರಿನವರು ಮಾಡಿದ್ದು 9 ವಿಕೆಟ್ಟಿಗೆ 127. ಅದರಲ್ಲಿ 53 ಪಾರ್ಥಿವ್ ಪಟೇಲನದೇ. ರವೀಂದ್ರ ಜಡೇಜ 18 ರನ್ನಿಗೆ 3 ವಿಕೆಟ್ಟು ಪಡೆದ. ಈ ಸಲವೂ ಸಣ್ಣ ಲೆಕ್ಕ, ಮತ್ತೆ ಕೊನೆಯ ಓವರಿನವರೆಗೆ ಹೋದೀತೆಂದು ನಾನು ಸರಿಯಾಗಿ ಕುಳಿತುಕೊಂಡೆ. ಹಾಗೇನೂ ಆಗಲಿಲ್ಲ. ಧೋನಿ 23 ಚೆಂಡಿನಲ್ಲಿ 31 ಹೊಡೆದು, ಔಟಾಗದೆ, ಹದಿನೆಂಟನೆಯ ಓವರಿನಲ್ಲಿ ಪಂದ್ಯ ಮುಗಿಸಿ, ಗ್ಲೌಸು ಬಿಚ್ಚುತ್ತ ನಡೆದ.

“ಅಜ್ಜಾ, ಇಂವಾ ಹೋದ ವರ್ಷ ಯಾಕ ಹಿಂಗ ಹೊಡೀಲಿಲ್ಲ?” ಎಂದು ಮಗ ಕೇಳಿದ.

ತಂದೆಯವರು ಟೊಪ್ಪಿಗೆ ತೆಗೆದು ಮಡಿಚಿ ಚೀಲದಲ್ಲಿಟ್ಟುಕೊಳ್ಳುತ್ತಿದ್ದರು. “ಅಂವ ಮರತಿರತಾನ ತಮ್ಮಾ, ನೀನೂ ಮರೀ. ನಡಿ, ಬಸ್ಸು ತಪ್ಪತದ” ಎಂದರು.